ಓದುಗರ ಪ್ರಶ್ನೆ, ನಮ್ಮ ಉತ್ತರ: ಈವ್ ಮ್ಯೂರ್‌ಹೆಡ್ ಮತ್ತು ಕೊನೆಯ ಕಲ್ಲು

ಪ್ರಶ್ನೆ: ಚಳಿಗಾಲದ ಒಲಿಂಪಿಕ್ಸ್ ಪ್ರಸಾರದಲ್ಲಿ ಹೆಣ್ಣುಮಕ್ಕಳು ಮಂಜುಗಡ್ಡೆಯ ಮೇಲೆ ಕಲ್ಲೊಂದನ್ನು ಜಾರಿಸಿ, ಅದರ ಮುಂದೆ ಗುಡಿಸುತ್ತಾ ಓಡುವುದನ್ನು ನೋಡಿದೆ. ಆಗ ಬ್ರಿಟನ್ನಿನ ಈವ್ ಮ್ಯೂರ್‌ಹೆಡ್ ಅವರ ಹೆಸರು ಮತ್ತೆ ಮತ್ತೆ ಕೇಳಿಬಂತು. ಅವರ ಹಿನ್ನೆಲೆ ಏನು, ಸಾಧನೆ ಏನು? ಕಲ್ಲು ಜಾರಿಸುವ ಆಟಕ್ಕೆ ಅಂಥ ದೈಹಿಕ ಶ್ರಮವಾದರೂ ಬೇಕೆ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಆಟ ಅರ್ಥವಾಗದೆ ಮ್ಯೂರ್‌ಹೆಡ್ ಅವರ ಏಳುಬೀಳು ಅರ್ಥವಾಗುವುದಿಲ್ಲ.

ಕರ್ಲಿಂಗ್ ಎಂಬ ಈ ಆಟದ ಕಲ್ಲಿನ ತೂಕ ಸುಮಾರು 20 ಕೆ.ಜಿ. ಒಲಿಂಪಿಕ್ಸ್‌ನಲ್ಲಿ ಬಳಸುವ ಕಲ್ಲುಗಳ ಗ್ರಾನೈಟ್ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಸಮೀಪದ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ್ದು. ಆಟಗಾರ್ತಿ ಹ್ಯಾಕ್ ಎಂಬ ರಬ್ಬರಿನ ಮೆಟ್ಟಿಗೆ ಒಂದು ಪಾದವನ್ನು ಒತ್ತಿ ಹಿಡಿದು, ಅಲ್ಲಿಂದ ದೇಹವನ್ನು ಮುಂದಕ್ಕೆ ನೂಕಿ, ನುಣುಪಾದ ಅಡಿಯಿರುವ ಇನ್ನೊಂದು ಪಾದವನ್ನು ಎದೆಯ ಕೆಳಗೆ ಮಡಚಿ, ಮಂಜುಗಡ್ಡೆಗೆ ತಾಗುವಷ್ಟು ಬಾಗಿ ಜಾರುತ್ತಾ ಹೋಗುತ್ತಾಳೆ. ನಿಗದಿತ ಗೆರೆ ದಾಟುವ ಮೊದಲೇ ಹಿಡಿಯನ್ನು ತುಸು ತಿರುಗಿಸಿ ಕೈಬಿಡಬೇಕು. ಆ ಗೆರೆಯಿಂದ ಗುರಿಯ ನಡುಬಿಂದುವಿಗೆ ಇನ್ನೂ ಸುಮಾರು 28 ಮೀಟರ್ ದೂರವಿರುತ್ತದೆ. ಆಟಕ್ಕೆ ಮುನ್ನ ಮಂಜುಗಡ್ಡೆಯ ಮೇಲೆ ನೀರಿನ ಹನಿಗಳನ್ನು ಸಿಂಪಡಿಸಿ ಹೆಪ್ಪುಗಟ್ಟಿಸಿರುತ್ತಾರೆ; ಕಲ್ಲು ಆ ಸಣ್ಣ ಉಬ್ಬುಗಳ ಮೇಲೆ ಸಾಗುತ್ತದೆ. ಜತೆಗಾರ್ತಿಯರು ಬ್ರಷ್ಷಿನಿಂದ ಜೋರಾಗಿ ಉಜ್ಜಿದಾಗ ಮೇಲ್ಮೈ ತುಸು ಬಿಸಿಯಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಹೋಗುತ್ತದೆ. ಬಾಲ್ಯದಿಂದ ಸಾವಿರಾರು ಸಲ ಹೀಗೆ ಬಾಗಿ ಜಾರಿದವರ ಸೊಂಟದ ಕೀಲು ಎಷ್ಟು ಭಾರ ತಾಳಬೇಕೆಂಬುದನ್ನು ನೀವೇ ಊಹಿಸಬಹುದು. 2018ರಲ್ಲಿ ಮ್ಯೂರ್‌ಹೆಡ್ ಸೊಂಟದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಆದ್ದರಿಂದ ಶ್ರಮ ಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಬೇಕು.

ಅವರು ಹುಟ್ಟಿದ್ದು 1990ರ ಏಪ್ರಿಲ್‌ನಲ್ಲಿ, ಸ್ಕಾಟ್ಲೆಂಡಿನ ಪರ್ತ್‌ನಲ್ಲಿ. ಬೆಳೆದದ್ದು ಬ್ಲೇರ್ ಅಥಾಲ್ ಎಂಬ ಹಳ್ಳಿಯ ಕುರಿ ಸಾಕಣೆಯ ಕುಟುಂಬದಲ್ಲಿ. ತಂದೆ ಗಾರ್ಡನ್ ಮ್ಯೂರ್‌ಹೆಡ್ 1999ರಲ್ಲಿ ವಿಶ್ವ ಚಾಂಪಿಯನ್ ಆದ ಸ್ಕಾಟ್ಲೆಂಡ್ ಕರ್ಲಿಂಗ್ ತಂಡದ ಸದಸ್ಯರು. ಸಹೋದರರಾದ ಗ್ಲೆನ್ ಮತ್ತು ಥಾಮಸ್ 2018ರ ಒಲಿಂಪಿಕ್ಸ್‌ನಲ್ಲಿ ಪುರುಷರ ತಂಡದಲ್ಲಿದ್ದರು. ಮನೆಯ ಮಾತೇ ಕರ್ಲಿಂಗ್ ಆಗಿದ್ದರೂ ಈವ್ ಅವರ ಮುಂದೆ ಬೇರೆ ದಾರಿಗಳೂ ಇದ್ದವು. ಬ್ಯಾಗ್‌ಪೈಪ್ ವಾದನದಲ್ಲಿ ವಿಶ್ವ ಮಟ್ಟದ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದ ಅವರು, ಗಾಲ್ಫ್‌ನಲ್ಲಿ ಅಮೆರಿಕದಿಂದ ಬಂದ ವಿದ್ಯಾರ್ಥಿವೇತನದ ಅವಕಾಶವನ್ನು ಬಿಟ್ಟುಕೊಟ್ಟು ಮಂಜುಗಡ್ಡೆಯನ್ನೇ ಆರಿಸಿಕೊಂಡರು. ನಾಲ್ಕು ಸಲ ಕಿರಿಯರ ವಿಶ್ವ ಚಾಂಪಿಯನ್ ಕೂಡ ಆದರು.

ತಂಡದ ನಾಯಕಿಯನ್ನು ಈ ಆಟದಲ್ಲಿ ಸ್ಕಿಪ್ ಎನ್ನುತ್ತಾರೆ. ತಂತ್ರ ಹೇಳುವವಳು ಅವಳೇ. ಪ್ರತಿ ಸುತ್ತಿನ ಕೊನೆಯ ಕಲ್ಲುಗಳನ್ನು ಜಾರಿಸುವವಳೂ ಸಾಮಾನ್ಯವಾಗಿ ಅವಳೇ. ಗೆದ್ದರೆ ನಾಲ್ವರ ಗೆಲುವಾಗುವ ಆಟದಲ್ಲಿ ಕೊನೆಯ ಕಲ್ಲು ತಪ್ಪಿದರೆ ಎಲ್ಲರ ಕಣ್ಣೂ ಒಬ್ಬಳ ಮೇಲೇ ನೆಡುತ್ತದೆ. 2010ರಲ್ಲಿ ವ್ಯಾಂಕೂವರ್‌ನಲ್ಲಿ ಈ ಹೊಣೆ ಹೊತ್ತಾಗ ಮ್ಯೂರ್‌ಹೆಡ್ ಅವರಿಗೆ 19 ವರ್ಷ; ತಂಡಕ್ಕೆ ಪದಕ ಬರಲಿಲ್ಲ. 2013ರಲ್ಲಿ ರೀಗಾದಲ್ಲಿ ಸ್ವೀಡನ್ನನ್ನು 6–5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. (ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಸ್ಕಾಟ್ಲೆಂಡಿಗೆ, ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಆಡುತ್ತಿದ್ದರು.) ಮರುವರ್ಷ ಸೋಚಿಯಲ್ಲಿ ಕಂಚು ಸಿಕ್ಕಿತು.

2018ರ ಪ್ಯೊಂಗ್‌ಚಾಂಗ್ ಕೂಟದ ಕಂಚಿನ ಪಂದ್ಯವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಹತ್ತನೆಯ ಸುತ್ತು, ಜಪಾನ್ ಒಂದು ಅಂಕ ಮುಂದಿತ್ತು, ಕೊನೆಯ ಕಲ್ಲು ಮ್ಯೂರ್‌ಹೆಡ್ ಕೈಯಲ್ಲಿತ್ತು. ಅವರು ಗೆಲುವಿಗೇ ಗುರಿಯಿಟ್ಟು ಜಾರಿಸಿದರು. ಹೊಡೆತ ಎಣಿಸಿದಂತೆ ಕೂಡಿಬರಲಿಲ್ಲ, ನಡುಬಿಂದುವಿಗೆ ಹತ್ತಿರ ಜಪಾನಿನ ಕಲ್ಲೇ ಉಳಿದು ಅಂಕ ಜಪಾನಿಗೆ ಹೋಯಿತು, ಪಂದ್ಯ 5–3ಕ್ಕೆ ಮುಗಿಯಿತು. ನಾಲ್ಕನೆಯ ಸ್ಥಾನ. ಆ ವರ್ಷವೇ ಶಸ್ತ್ರಚಿಕಿತ್ಸೆ.

2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಂಟನೆಯ ಸ್ಥಾನಕ್ಕೆ ಕುಸಿದಾಗ ನೇರವಾಗಿ ಒಲಿಂಪಿಕ್ಸ್‌ಗೆ ಹೋಗುವ ಬಾಗಿಲೂ ಮುಚ್ಚಿತು. ಬಳಿಕ ವಿಕಿ ರೈಟ್, ಜೆನಿಫರ್ ಡಾಡ್ಸ್, ಹೇಲಿ ಡಫ್ ಹಾಗೂ ಮೀಸಲು ಆಟಗಾರ್ತಿ ಮಿಲಿ ಸ್ಮಿತ್ ಅವರೊಂದಿಗೆ ಹೊಸ ತಂಡ ಕಟ್ಟಲಾಯಿತು. ಇವರಲ್ಲಿ ವಿಕಿ ರೈಟ್ ವೃತ್ತಿಯಿಂದ ನರ್ಸ್. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ವಾರ್ಡಿಗೆ ಮರಳಿ ದುಡಿದವರು. ಈ ತಂಡ ಯುರೋಪಿಯನ್ ಪ್ರಶಸ್ತಿ ಗೆದ್ದು, 2021ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಲೇವಾರ್ಡನ್‌ನಲ್ಲಿ ನಡೆದ ಅರ್ಹತಾ ಕೂಟದ ಮೂಲಕ ಬೀಜಿಂಗ್‌ಗೆ ಟಿಕೆಟ್ ಪಡೆಯಿತು.

ಬೀಜಿಂಗ್‌ನಲ್ಲೂ ದಾರಿ ಸುಗಮವಾಗಿರಲಿಲ್ಲ. ಲೀಗ್ ಹಂತದ ಒಂಬತ್ತು ಪಂದ್ಯಗಳಲ್ಲಿ ಐದನ್ನಷ್ಟೇ ಗೆದ್ದರು. ಜಪಾನ್ ಮತ್ತು ಕೆನಡಾ ಕೂಡ ಅಷ್ಟೇ ಗೆದ್ದಿದ್ದವು. ಮೂವರೂ ಪರಸ್ಪರ ಒಂದೊಂದು ಗೆಲುವು ಹಂಚಿಕೊಂಡಿದ್ದರಿಂದ, ಪ್ರತಿ ಪಂದ್ಯಕ್ಕೆ ಮುನ್ನ ಜಾರಿಸುವ ಕಲ್ಲು ನಡುಬಿಂದುವಿಗೆ ಎಷ್ಟು ಸಮೀಪ ನಿಂತಿತ್ತೆಂಬ ಸರಾಸರಿ ಅಳತೆಯೇ ನಿರ್ಣಾಯಕವಾಯಿತು. ಕೆಲವೇ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಕೆನಡಾ ಹೊರಬಿತ್ತು, ಬ್ರಿಟನ್ ಉಳಿಯಿತು. ಪ್ರೇಕ್ಷಕರು ಗಮನಿಸದೆ ಬಿಡುವ ಆ ಅಭ್ಯಾಸದ ಕಲ್ಲುಗಳನ್ನೂ ಮನಸ್ಸಿಟ್ಟು ಜಾರಿಸಿದ್ದು ಫಲ ಕೊಟ್ಟಿತು. ಸೆಮಿಫೈನಲ್‌ನ ಮೊದಲ ಸುತ್ತಿನಲ್ಲೇ ಸ್ವೀಡನ್ ನಾಲ್ಕು ಅಂಕ ಗಳಿಸಿತು. ಅಲ್ಲಿಂದ ಚೇತರಿಸಿಕೊಂಡ ಬ್ರಿಟನ್ ಹೆಚ್ಚುವರಿ ಸುತ್ತಿನಲ್ಲಿ 12–11ರಿಂದ ಗೆದ್ದಿತು. 2022ರ ಫೆಬ್ರುವರಿ 20ರ ಫೈನಲ್‌ನಲ್ಲಿ ಎದುರಿದ್ದದ್ದು ಅದೇ ಜಪಾನ್. ಏಳನೆಯ ಸುತ್ತಿನಲ್ಲಿ ಒಟ್ಟಿಗೆ ನಾಲ್ಕು ಅಂಕ ಬಂದಾಗ ಫಲಿತಾಂಶ ಬಹುತೇಕ ನಿಶ್ಚಯವಾಗಿತ್ತು. ಅಂತಿಮ ಅಂಕ 10–3. ಬ್ರಿಟನ್ನಿಗೆ ಆ ಕೂಟದಲ್ಲಿ ದೊರೆತ ಚಿನ್ನ ಅದೊಂದೇ. ಕರ್ಲಿಂಗ್‌ನಲ್ಲಿ ಅದಕ್ಕೆ ಹಿಂದಿನ ಬ್ರಿಟಿಷ್ ಚಿನ್ನ 2002ರಲ್ಲಿ ರೋನಾ ಮಾರ್ಟಿನ್ ತಂಡ ತಂದದ್ದು.

ಪ್ರಶ್ನೆ: ಅವರು ಈಗಲೂ ಆಡುತ್ತಾರೆಯೇ?
(ಇನ್ನೊಬ್ಬ ಓದುಗರು, ಧಾರವಾಡ)

ಉತ್ತರ: ಇಲ್ಲ. ಒಲಿಂಪಿಕ್ಸ್ ಚಿನ್ನದ ಬೆನ್ನಲ್ಲೇ, ಅದೇ ವರ್ಷ ಬಾಬಿ ಲ್ಯಾಮಿ ಅವರೊಂದಿಗೆ ಮಿಶ್ರ ಡಬಲ್ಸ್ ವಿಶ್ವ ಪ್ರಶಸ್ತಿಯನ್ನೂ ಗೆದ್ದು, 2022ರ ಆಗಸ್ಟ್‌ನಲ್ಲಿ, 32ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಮುಂದೆ 2026ರ ಮಿಲಾನ್–ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್‌ಗೆ ಬ್ರಿಟನ್ ತಂಡದ ಮುಖ್ಯಸ್ಥೆಯಾಗಿ ನೇಮಕಗೊಂಡರು.