ಹಿತ್ತಲಿಗೆ ಬಿದ್ದ ಉಲ್ಕೆಗೆ ಕೆಂಪು ಕ್ರೇಯಾನ್ ಬೇಡ

ನೀವು ಕೇಳಿರುವುದು ಇಷ್ಟು: ಆರೇಳು ವರ್ಷದ ಮಕ್ಕಳಿಗೆ ಚಿತ್ರಪುಸ್ತಕ ಮಾಡುತ್ತಿದ್ದೀರಿ. ಅಜ್ಜಿಮನೆಯ ಹಿತ್ತಲಿಗೆ ರಾತ್ರಿ ಉಲ್ಕೆ ಬೀಳುತ್ತದೆ. ಬಾವಿಯಷ್ಟು ದೊಡ್ಡ ಗುಂಡಿ, ಒಳಗೆ ನಿಗಿನಿಗಿ ಉರಿಯುವ ಕಲ್ಲು. "ಮಕ್ಕಳ ಪುಸ್ತಕ ತಾನೇ, ಇಷ್ಟೆಲ್ಲ ನಡೆಯುತ್ತಲ್ವಾ?"

ನಡೆಯುತ್ತೆ. ಆದರೆ ನಾನೂ ಇದೇ ಚಿತ್ರ ಬರೆದು ಸಿಕ್ಕಿಬಿದ್ದವನು. ಶಾಲೆಯಲ್ಲಿ ಕತೆ ಹೇಳೋಕೆ ಅಂತ ಡ್ರಾಯಿಂಗ್ ಹಾಳೆಯ ತುಂಬ ಕೆಂಡದುಂಡೆ ಬರೆದುಕೊಂಡು ಹೋಗಿದ್ದೆ. ಮೂರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಪಕ್ಕದಲ್ಲಿ ಹುಲ್ಲಿನ ಬಣವೆ ಇದೆಯಲ್ಲ, ಅದ್ಯಾಕೆ ಹತ್ಕೊಂಡಿಲ್ಲ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ನೋಡಿದರೆ ಬಣವೆಯನ್ನು ಸರಿಯಾಗೇ ಬರೆದಿದ್ದೆ, ಕಲ್ಲೇ ತಪ್ಪಾಗಿತ್ತು.

ಉಲ್ಕೆ ಹೊತ್ತಿಕೊಳ್ಳುವುದು ನೆಲದಿಂದ ಸುಮಾರು 100 ಕಿಲೋಮೀಟರ್ ಮೇಲೆ. ಸೆಕೆಂಡಿಗೆ 11 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನುಗ್ಗಿಬರುವ ಕಲ್ಲಿಗೆ ಗಾಳಿ ಅಡ್ಡ ಬರುತ್ತದೆ. ಹೊರಮೈ ಕರಗಿ ಉದುರಿಹೋಗುತ್ತದೆ, ವೇಗವೂ ಇಳಿಯುತ್ತದೆ. 20-30 ಕಿ.ಮೀ. ಎತ್ತರಕ್ಕೆ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಬೆಳಕು ಆರಿಹೋಗಿರುತ್ತದೆ. ಉಳಿದ ಚೂರು ಯಾರ ಕಣ್ಣಿಗೂ ಬೀಳದೆ, ಮಹಡಿಯಿಂದ ಜಾರಿದ ಕಲ್ಲಿನ ಹಾಗೆ, ಕತ್ತಲಲ್ಲಿ ಕೆಲವು ನಿಮಿಷ ಸುಮ್ಮನೆ ಬೀಳುತ್ತಿರುತ್ತದೆ. ಕರಗಿ ಗಟ್ಟಿಯಾದ ಕಪ್ಪು ಸಿಪ್ಪೆಯ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕೆಲವೇ ಸೆಕೆಂಡಿನ ಬಿಸಿ ಒಳಗೆ ಇಳಿಯಲು ಪುರುಸೊತ್ತೆಲ್ಲಿ? ಎತ್ತಿಕೊಂಡರೆ ತಣ್ಣಗಿರಬಹುದು, ಹೆಚ್ಚೆಂದರೆ ಬೆಚ್ಚಗಿದ್ದೀತು. (ಮಹಾರಾಷ್ಟ್ರದ ಲೋಣಾರ್‌ನಲ್ಲಿ 1.8 ಕಿ.ಮೀ. ಅಗಲದ ಹಳ್ಳ ತೋಡಿದ್ದು ಬೇರೆ ಜಾತಿಯ ದೈತ್ಯ. ಅದು ಬಿದ್ದರೆ ಅಜ್ಜಿಮನೆಯೂ ಇಲ್ಲ, ಕತೆಯೂ ಇಲ್ಲ.)

ಚಿತ್ರಪುಸ್ತಕ ಮಾಡುವವರಿಗೆ ಇದರಲ್ಲೊಂದು ನಿಧಿಯೇ ಇದೆ. ಬೆಳಕು ತಕ್ಷಣ ಕಾಣುತ್ತದೆ, ಸದ್ದು ಒಂದು ಕಿಲೋಮೀಟರ್ ದಾಟಲು ಮೂರು ಸೆಕೆಂಡ್ ತಗೊಳ್ಳುತ್ತದೆ. 30 ಕಿ.ಮೀ. ಮೇಲಿಂದ ಬರಬೇಕಾದರೆ ಒಂದೂವರೆ ನಿಮಿಷ. ಕಲ್ಲು ಬರುವುದು ಅದಕ್ಕೂ ತಡವಾಗಿ. ಅಂದರೆ ಪುಟ ತಿರುಗಿಸುವ ಜಾಗಗಳನ್ನು ಆಕಾಶವೇ ಗುರುತು ಹಾಕಿಕೊಟ್ಟಿದೆ. ಮೊದಲ ಜೋಡಿಪುಟದಲ್ಲಿ ಅಂಗಳ ಹಾಡಹಗಲಾಗಲಿ. ತುಳಸಿಕಟ್ಟೆಯ ನೆರಳು, ಬಟ್ಟೆ ಒಣಹಾಕಿದ ಹಗ್ಗದ ನೆರಳು ಎಲ್ಲ ಓಡುತ್ತಿರಲಿ. ಬೆಳಕು ಸಾಗಿದಂತೆ ನೆರಳೂ ನಿಜಕ್ಕೂ ಸರಿಯುತ್ತದೆ. ಪುಟ ತಿರುಗಿಸಿದರೆ ಬರೀ ಕತ್ತಲು, ಒಂದಕ್ಷರವೂ ಬೇಡ. ಮಕ್ಕಳು ಒಂದು, ಎರಡು, ಮೂರು ಅಂತ ಎಣಿಸಲಿ. ಮುಂದಿನ ಪುಟದಲ್ಲಿ ಗುಡುಗುಡು, ದಢಾರ್! ಪಾತ್ರೆಗಳು ಅಲುಗಬೇಕು, ನಾಯಿ ಮಂಚದಡಿ ಸೇರಬೇಕು. ಮತ್ತೆ ಮೌನ. ಎಲ್ಲರೂ ಮುಗೀತು ಅಂತ ಒಳಗೆ ಹೋಗುವಾಗ, ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಧೊಪ್". ಕನ್ನಡದಲ್ಲಿ ಇಂಥ ಸದ್ದಿನ ಮಾತುಗಳಿಗೆ ಬರವಿಲ್ಲ, ಧಾರಾಳವಾಗಿ ಬಳಸಿ. ನಾನು ಈ ರೀತಿ ಬದಲಿಸಿ ಹೇಳಿದಾಗ ಆ ಕತ್ತಲ ಪುಟಕ್ಕೇ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಬೆಂಕಿಯ ಚಿತ್ರಕ್ಕೆ ಹಾಗೆ ಕೂತಿರಲಿಲ್ಲ.

ಗುಂಡಿಯೂ ಬಾವಿಯಷ್ಟು ಬೇಡ. 2017ರ ಜೂನ್ 6ರ ಬೆಳಗಿನ ಜಾವ ಜೈಪುರದ ಹತ್ತಿರ ಮುಕುಂದಪುರದ ಹೊಲಕ್ಕೆ ಸುಮಾರು ಎರಡು ಕೆ.ಜಿ.ಯ ಉಲ್ಕಾಶಿಲೆ ಬಿತ್ತು. ಆದದ್ದು ಪುಟ್ಟ ಗುಳಿ. ಕಲ್ಲು ಇದ್ದಿಲಿನ ಹಾಗೆ ಕಪ್ಪು, ಪುಡಿಪುಡಿಯಾಗುವಂಥದ್ದು. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್ ಊರಲ್ಲಿ ಒಂದು ಮನೆಯ ಮುಂದೆ ಇದೇ ಥರದ್ದು ಬಿದ್ದಾಗ, ಬೆಳಿಗ್ಗೆ ನೋಡಿದ ಮನೆಯವರಿಗೆ ಯಾರೋ ಇದ್ದಿಲು ಎಸೆದು ಹೋದಂತೆ ಕಂಡಿತಂತೆ. ಗುಜರಾತಿನ ದಿಯೋದರ್ ಹತ್ತಿರ 2022ರ ಆಗಸ್ಟ್ 17ರ ಸಂಜೆ ಬಿದ್ದದ್ದರಲ್ಲಿ ಒಂದು ಚೂರು ಬೇವಿನ ಮರಕ್ಕೆ ಬಡಿಯಿತು, ಇನ್ನೊಂದು ಪಕ್ಕದ ಹಳ್ಳಿಯ ಮನೆಯ ಜಗಲಿಗೆ ಬಿದ್ದು ನೆಲದ ಟೈಲ್ಸ್ ಒಡೆಯಿತು. ನಿಮ್ಮ ಅಜ್ಜಿ ಬೆಳಿಗ್ಗೆ ಎದ್ದು, "ಯಾವನೋ ಜಗಲಿ ಮೇಲೆ ಮಸಿ ಚೆಲ್ಲಿದಾನೆ" ಅಂತ ಪೊರಕೆ ಹಿಡಿದು ಬಂದರೆ, ಮೊಮ್ಮಗಳು "ಅಜ್ಜೀ, ಗುಡಿಸ್ಬೇಡ!" ಅಂತ ಓಡಿಬರಬೇಕು. ಕತೆಯ ಗುದ್ದಾಟ ಅಲ್ಲೇ ಸಿಕ್ಕಿತಲ್ಲ.

ಪದದ ಬಗ್ಗೆಯೂ ಕೇಳಿದ್ದೀರಿ. ಆಕಾಶದಲ್ಲಿ ಬೆಳಗುವವರೆಗೆ ಉಲ್ಕೆ, ನೆಲಕ್ಕೆ ಬಂದಮೇಲೆ ಉಲ್ಕಾಶಿಲೆ. ಪುಟ್ಟವರಿಗೆ "ಆಕಾಶದ ಕಲ್ಲು" ಸಾಕು, ಕೊನೆಯಲ್ಲೊಮ್ಮೆ ದೊಡ್ಡ ಹೆಸರು ಹೇಳಿ. "ನಕ್ಷತ್ರ ಬಿತ್ತು" ಅಂತ ಅಜ್ಜಿ ಹೇಳಲಿ, ತೊಂದರೆಯಿಲ್ಲ, ಪುಸ್ತಕ ಹೇಳಬಾರದು.

ಮಕ್ಕಳು ಹೆದರುತ್ತಾರಾ ಅಂದಿರಿ. ಒಬ್ಬಿಬ್ಬರು "ತಲೆ ಮೇಲೆ ಬಿದ್ರೆ?" ಅಂತ ಕೇಳಿಯೇ ಕೇಳುತ್ತಾರೆ. ನಾನು ಆನ್ ಹಾಜಸ್ ಕತೆ ಹೇಳುತ್ತೇನೆ. 1954ರ ನವೆಂಬರ್ 30ರಂದು ಅಮೆರಿಕದ ಅಲಬಾಮಾದಲ್ಲಿ ಆಕೆ ಸೋಫಾದ ಮೇಲೆ ಮಲಗಿದ್ದಾಗ ಸುಮಾರು ನಾಲ್ಕು ಕೆ.ಜಿ. ಕಲ್ಲು ಸೂರು ತೂತು ಮಾಡಿ, ರೇಡಿಯೋಗೆ ಬಡಿದು, ಆಕೆಗೆ ತಾಗಿತು. ಮೈ ಕಂದಿತು, ಬದುಕಿಕೊಂಡರು. ಕಲ್ಲು ಯಾರದ್ದು ಅಂತ ಮನೆಯ ಓನರ್ ಜೊತೆ ವ್ಯಾಜ್ಯವೂ ಆಯಿತು. ಕೊನೆಗೆ ಇವರಿಗೇ ಸಿಕ್ಕಿತು, ಆದರೆ ಅಷ್ಟರಲ್ಲಿ ಕೊಳ್ಳುವವರೇ ಇಲ್ಲ. ಆಮೇಲೆ ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟರು. ಅದಕ್ಕೂ ಮುಂಚೆ ಸ್ವಲ್ಪ ಕಾಲ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡುತ್ತಿದ್ದರು ಅಂತಾರೆ. ಇಲ್ಲಿಗೆ ಬರುವಷ್ಟರಲ್ಲಿ ಹೆದರಿದ ಮಗುವೂ ನಗುತ್ತಿರುತ್ತದೆ.

ನಿಮ್ಮ ಕತೆಯಲ್ಲಿ ಕಲ್ಲು ಕೊನೆಗೆ ಎಲ್ಲಿಗೆ ಹೋಗಬೇಕು ಅನ್ನುವುದು ನಿಮಗೆ ಬಿಟ್ಟಿದ್ದು. ನಿಜಕ್ಕೆ ಹತ್ತಿರವಿರಬೇಕಾದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಜೀಪು ಬಂದು ತಗೊಂಡು ಹೋಗಲಿ. ಮುಕುಂದಪುರದ ಕಲ್ಲನ್ನು ಪರೀಕ್ಷಿಸಿದ್ದು ಅವರೇ. ಮೊಮ್ಮಗಳ ಉಗುರಿನ ಸಂದಿಯಲ್ಲಿ ಮಾತ್ರ ಒಂಚೂರು ಕಪ್ಪು ಪುಡಿ ಉಳಿದಿರಲಿ. ಅಜ್ಜಿ ಕೈ ತೊಳೆದು ಬಾ ಅಂತ ಕರೆಯುತ್ತಿರಲಿ.