ಸಂಪಾದಕರ ಉತ್ತರ: ಕಣಜಕ್ಕೂ ಒಲೆಗೂ ಒಂದೇ ಕಾಂಪೌಂಡು

ಮಾನ್ಯರೇ,

ಭಾರತೀಯ ವಿಜ್ಞಾನ ಸಂಸ್ಥೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ತಿಪಟೂರಿನಿಂದ ಬರೆದ ಪತ್ರ ತಲುಪಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಕೊಡುತ್ತೇನೆ: “ಒಬ್ಬರು ಸೂರಿನಡಿ ಗೂಡು ಕಟ್ಟುವ ಕಣಜದ ಹುಳಗಳ ಸಂಸಾರ ನೋಡುತ್ತಾ ಕೂರುತ್ತಾರೆ, ಇನ್ನೊಬ್ಬರು ಆನೆಗಳ ಹಿಂದೆ ಅಲೆಯುತ್ತಾರೆ, ಮತ್ತೊಬ್ಬರು ಗಾಳಿ ಸುರಂಗ ಕಟ್ಟುತ್ತಾರೆ. ಇದು ವಿಶ್ವವಿದ್ಯಾಲಯವೋ ಸಂತೆಯೋ? ಜನರ ತೆರಿಗೆಯಲ್ಲಿ ನಡೆಯುವ ಸಂಸ್ಥೆ ನಾಡಿಗೆ ಬೇಕಾದ ನಾಲ್ಕು ಕೆಲಸ ಆರಿಸಿಕೊಂಡು ಅವನ್ನೇ ನೆಟ್ಟಗೆ ಮಾಡಬಾರದೇ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನಾಲ್ಕನ್ನು ಯಾರು ಆರಿಸಬೇಕು, ಅದಕ್ಕಿಂತ ಮುಖ್ಯವಾಗಿ ಯಾವ ಇಸವಿಯಲ್ಲಿ ಆರಿಸಬೇಕು?

1911ರಲ್ಲಿ ಆರಿಸಿದ್ದರೆ ಎಂದು ನೋಡೋಣ. ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಈ ಸಂಸ್ಥೆ, ಮೈಸೂರು ಸರ್ಕಾರ ಕೊಟ್ಟ 371 ಎಕರೆ ಜಮೀನಿನಲ್ಲಿ ಆ ವರ್ಷ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಅಲ್ಲಿದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ತಿನ ವಿಭಾಗಗಳು. ತಮ್ಮ ಮಾತಿಗೆ ಒಪ್ಪುವ ಕೆಲಸವೂ ಬೇಗನೆ ಸಿಕ್ಕಿತು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ವ್ಯಾಪಾರ ನಿಂತುಹೋಯಿತು. ಕಡಿದ ಮರ ಇಲ್ಲಿ, ಎಣ್ಣೆ ತೆಗೆಯುವ ವಿದ್ಯೆ ಅಲ್ಲಿ. ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗಾಲಯದಲ್ಲೇ ಗಂಧದೆಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯೇ ಎದ್ದಿತು, ಮುಂದಿನ ವರ್ಷ ಮೈಸೂರಿನಲ್ಲೂ ಒಂದಾಯಿತು. ಆಹಾ, ವಿಜ್ಞಾನವೆಂದರೆ ಹೀಗಿರಬೇಕು ಎಂದು ಅಲ್ಲಿಗೇ ಬಾಗಿಲು ಹಾಕಿಕೊಂಡಿದ್ದರೆ ಇಂದು ನಮಗೆ ಉಳಿಯುತ್ತಿದ್ದದ್ದು ಒಂದು ಒಳ್ಳೆಯ ಎಣ್ಣೆ ಗಾಣ. 1942ರಲ್ಲಿ ಶುರುವಾದ ವಿಮಾನ ಎಂಜಿನಿಯರಿಂಗ್ ವಿಭಾಗ ಇರುತ್ತಿರಲಿಲ್ಲ. 1951ರಲ್ಲಿ ಅದನ್ನು ಸೇರಿದ ಸತೀಶ್ ಧವನ್, ವಿಮಾನದಂಥವುಗಳ ಮಾದರಿಯ ಮೇಲೆ ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ ಕಟ್ಟುತ್ತಿರಲಿಲ್ಲ. ಅದೇ ಧವನ್ 1972ರಲ್ಲಿ ಇಸ್ರೋ ಹೊಣೆ ಹೊತ್ತಾಗಲೂ ಸಂಸ್ಥೆಯ ನಿರ್ದೇಶಕರ ಕುರ್ಚಿ ಬಿಡಲಿಲ್ಲ ಎಂಬುದು ತಮಗೆ ಗೊತ್ತಿರಬಹುದು.

ಈಗ ತಮ್ಮ ‘ಸಂತೆ’ಗೆ ಬರುತ್ತೇನೆ. ಆನೆ, ಕಣಜ, ಕಾಡು, ಮುಂಗಾರು ಇವೆಲ್ಲ ಅಲ್ಲಿಗೆ ಹೇಗೆ ನುಗ್ಗಿದವು? 1972ರಲ್ಲಿ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಮುಂದಾಳತ್ವದಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಆರಂಭವಾಯಿತು. ಹೆಸರು ಕೇಳಿದರೆ ಪೆನ್ನು, ಕಾಗದ, ಕರಿಹಲಗೆ ಬಿಟ್ಟು ಬೇರೇನೂ ಇರದ ಜಾಗ ಎನಿಸುತ್ತದೆ. ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ದಂಪತಿಗೆ ಕೆಲಸ ಸಿಕ್ಕಿದ್ದು ಅಲ್ಲಿ. ಆ ಕೇಂದ್ರದ ಹೊಟ್ಟೆಯಿಂದಲೇ 1980ರ ದಶಕದ ಆರಂಭದಲ್ಲಿ ಎರಡು ಕೇಂದ್ರಗಳು ಹುಟ್ಟಿದವು. ಒಂದು ಪರಿಸರ ವಿಜ್ಞಾನದ್ದು, ಇನ್ನೊಂದು ವಾಯುಮಂಡಲದ್ದು. ಸಮಿತಿ ಕೂರಿಸಿ, ಪಟ್ಟಿ ಮಾಡಿ, ‘ಪ್ರಯೋಜನಕಾರಿ’ ಎಂದು ಠಸ್ಸೆ ಹೊಡೆದಿದ್ದರೆ ಮೊದಲು ರದ್ದಾಗುತ್ತಿದ್ದದ್ದು ಆ ಪೆನ್ನು-ಕಾಗದದ ಕೇಂದ್ರವೇ.

ಅದರಿಂದ ಬಂದದ್ದೇನು ಎಂದರೆ, ಒಂದು ಫಲ ತಮ್ಮ ಜಿಲ್ಲೆಗೇ ಬಂದಿದೆ. ಸಾಗರದ ಪ್ರವಾಹಗಳ ಗಣಿತದಿಂದ ಆರಂಭಿಸಿದ ಸುಲೋಚನಾ ಅವರು ಕೊನೆಗೆ ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಹೊಲಗಳ ಬದುವಿಗೆ ಬಂದು ನಿಂತರು. ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಸಿಗುತ್ತದೆ ಎಂಬುದು ಪ್ರಶ್ನೆ. ದಶಕಗಳ ಮಳೆ ಲೆಕ್ಕ, ಬೆಳೆಯ ಗಣಿತ ಮಾದರಿ, ಜೊತೆಗೆ ರೈತರೊಡನೆ ಕೂತು ಮಾತುಕತೆ ಮೂರೂ ಬೇಕಾದವು. ಆರ್. ಸುಕುಮಾರ್ 1980ರ ದಶಕದ ಆರಂಭದಲ್ಲಿ ಸತ್ಯಮಂಗಲ, ಚಾಮರಾಜನಗರದ ಕಡೆ ಆನೆಗಳ ಹಿಂದೆ ಅಲೆದು ಕಂಡುಕೊಂಡದ್ದು ಹೊಲ ಕಾಯುವವರಿಗೆ ಬೇಕಾದ ಮಾತು: ಬೆಳೆಗೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಬೆಳೆದ ಗಂಡಾನೆಗಳೇ ಬಹಳ ಮುಂದು.

ಹೀಗೆ ಹೇಳುತ್ತಾ ಹೋದರೆ ನಾನೂ ತಮ್ಮ ತಕ್ಕಡಿಯಲ್ಲೇ ತೂಗಿದಂತಾಗುತ್ತದೆ, ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ತಾವು ಹೆಚ್ಚು ಹಾಸ್ಯ ಮಾಡಿರುವ ಕಣಜವನ್ನೇ ಎತ್ತಿಕೊಳ್ಳುತ್ತೇನೆ. ರಾಘವೇಂದ್ರ ಗದಗ್ಕರ್ ಸಂಶೋಧನಾ ಪದವಿ ಪಡೆದದ್ದು ಅಣು ಜೀವಶಾಸ್ತ್ರದಲ್ಲಿ (ಮಾಲಿಕ್ಯುಲರ್ ಬಯಾಲಜಿ). ಜೀವಮಾನವಿಡೀ ನೋಡಿದ್ದು ‘ರೋಪಾಲಿಡಿಯಾ ಮಾರ್ಜಿನೇಟಾ’ ಎಂಬ ಕಣಜವನ್ನು. ನಮ್ಮ ಸೂರಿನಡಿ, ಕಿಟಕಿಯ ಸಂದಿಯಲ್ಲಿ ಕಾಗದದಂಥ ಗೂಡು ಕಟ್ಟುವುದು ಇದೇ. ಗೂಡಿಗೆ ಹೊದಿಕೆಯಿಲ್ಲದ ಕಾರಣ ಒಳಗಿನ ಸಂಸಾರವೆಲ್ಲ ಬಯಲಲ್ಲೇ. ಪ್ರತಿ ಹುಳದ ಮೈಮೇಲೂ ಬೇರೆ ಬೇರೆ ಬಣ್ಣದ ಚುಕ್ಕೆಗಳನ್ನಿಟ್ಟು ಗುರುತು ಹಿಡಿಯುತ್ತಾರೆ. ಇದರ ರಾಣಿ ಪರಮ ಸಾಧು, ಯಾರನ್ನೂ ಗದರುವುದಿಲ್ಲ. ಆ ರಾಣಿಯನ್ನು ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಉಳಿದವರ ಮೇಲೆ ಎಗರಾಡತೊಡಗುತ್ತಾಳೆ. ರಾಣಿ ಮರಳಿದರೆ ತೆಪ್ಪಗಾಗುತ್ತಾಳೆ, ಮರಳದಿದ್ದರೆ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆಯಿಡುತ್ತಾಳೆ. ವಾರಸುದಾರಳು ಯಾರೆಂದು ಮೊದಲೇ ಹೇಳಲು ವಿಜ್ಞಾನಿಗಳಿಗೆ ಸಾಧ್ಯವಾಗಲಿಲ್ಲ: ವಯಸ್ಸು, ಗಾತ್ರ, ನಡತೆ ಯಾವುದೂ ಸುಳಿವು ಕೊಡಲಿಲ್ಲ. ಹುಳಗಳಿಗಾದರೂ ಗೊತ್ತೇ? ಗೂಡನ್ನು ಎರಡು ಹೋಳು ಮಾಡಿ, ನಡುವೆ ಜಾಲರಿಯಿಟ್ಟು, ರಾಣಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬದಲಿಸಿ ನೋಡಿದರು. ಹುಳಗಳ ಲೆಕ್ಕದಲ್ಲಿ ವಾರಸುದಾರಳು ಒಬ್ಬಳೇ. ಅವಳು ಬಂದೊಡನೆ ಉಳಿದವರು ತಕರಾರಿಲ್ಲದೆ ಜಾಗ ಬಿಟ್ಟರು. ಅಂದರೆ ಗೂಡಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಇದರಿಂದ ರೈತನಿಗೇನು? ಏನೂ ಇಲ್ಲ ಎಂದೇ ಇಟ್ಟುಕೊಳ್ಳಿ. ಪೈಪೋಟಿಯ ನಡುವೆಯೂ ಹೊಡೆದಾಟವಿಲ್ಲದೆ ಅಧಿಕಾರ ಕೈ ಬದಲಾಗುವುದು ಹೇಗೆಂಬ ಪ್ರಶ್ನೆಗೆ ನಮ್ಮ ಕಿಟಕಿಯಲ್ಲೇ ಉತ್ತರ ನೇತಾಡುತ್ತಿರುವಾಗ ತಲೆಯೆತ್ತಿ ನೋಡುವವರು ನಾಡಿನಲ್ಲಿ ಒಬ್ಬರಾದರೂ ಇರಬೇಕು. ಅದಕ್ಕೆ ಖರ್ಚು ಬಣ್ಣದ ಡಬ್ಬಿ, ಅಪಾರ ತಾಳ್ಮೆ. ಮುದುಮಲೆ ಕಾಡಿನಲ್ಲಿ 1988ರಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಯಾವುದು ಬದುಕಿತು, ಯಾವುದು ಸತ್ತಿತು ಎಂದು ವರ್ಷ ವರ್ಷವೂ ಬರೆದಿಡುತ್ತಿರುವುದೂ ಇಂಥದ್ದೇ ಕೆಲಸ. ಮೊದಲ ಹತ್ತು ವರ್ಷದಲ್ಲಿ ಫಲ ಕೇಳಿದ್ದರೆ ನಿಲ್ಲಿಸಬೇಕಾಗುತ್ತಿತ್ತು. ಬರಗಾಲ, ಕಾಳ್ಗಿಚ್ಚು, ಆನೆ, ಇವುಗಳಲ್ಲಿ ಕಾಡನ್ನು ಬದಲಿಸುತ್ತಿರುವುದು ಯಾವುದೆಂದು ಕೇಳುವವರಿಗೆ ಇವತ್ತು ಆ ದಾಖಲೆಯೇ ಗತಿ.

‘ಬೇಕಾದ ಕೆಲಸ’ ಅಷ್ಟು ಸುಲಭವೂ ಅಲ್ಲ. ಅಮೂಲ್ಯ ರೆಡ್ಡಿ ವಿದ್ಯುದ್ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯ ಬರೆದವರು. 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಆರಂಭಿಸಿ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಹಳ್ಳಿಗಳಿಗೆ ಹೋದರು. ಅದೂ ತಮ್ಮ ಜಿಲ್ಲೆಯೇ. ಹಳ್ಳಿಯ ಇಂಧನವೆಂದರೆ ಮುಖ್ಯವಾಗಿ ಅಡುಗೆಮನೆಯ ಸೌದೆ ಎಂದು ಲೆಕ್ಕ ಹಾಕಿ ತೋರಿಸಿದರು. ಹಾಗೆ ಹುಟ್ಟಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗೆ ಜಾಗ, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಸೌದೆ ಉಳಿಯುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಆದರೆ ಪಾತ್ರೆಯ ತಳ ಕಿಂಡಿಗೆ ಸರಿಯಾಗಿ ಕೂರಬೇಕು, ಒಲೆ ಕಟ್ಟುವವರು ಅಳತೆ ತಪ್ಪಬಾರದು, ಕೊಳವೆಯ ಮಸಿ ಆಗಾಗ ತೆಗೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಹಳೇ ಒಲೆಯೇ ವಾಸಿ ಅನ್ನುವಂತಾಗುತ್ತದೆ. ಪ್ರಯೋಗಾಲಯದಲ್ಲಿ ಗೆದ್ದದ್ದು ಅಡುಗೆಮನೆಯಲ್ಲಿ ಗೆಲ್ಲಲು ಇನ್ನೊಂದು ಸುತ್ತಿನ ಸಂಶೋಧನೆ ಬೇಕು, ಅದನ್ನು ಯಾವ ವಿಭಾಗದ ಹೆಸರಿನಲ್ಲಿ ಮಾಡುವುದು?

ಸಂಸ್ಥೆಯ ಮೇಲೆ ನನಗೆ ದೂರುಗಳಿಲ್ಲವೆಂದಲ್ಲ, ತಮಗಿಂತ ಖಾರವಾಗಿಯೇ ಬರೆಯಬಲ್ಲೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಗೆ ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕ, ನೊಬೆಲ್ ಪುರಸ್ಕೃತ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಹಟ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ವಿಷಯಗಳಿಗೆ ತೆರೆದಿದ್ದ ಗೇಟು ಮನುಷ್ಯರಿಗೆ ಅಷ್ಟು ಸಲೀಸಾಗಿ ತೆರೆಯಲಿಲ್ಲ. ಇನ್ನು ಭಾಷೆ. ಪಾವಗಡದ ರೈತರನ್ನು ಕೇಳಿ ಬರೆದ ಪ್ರಬಂಧವನ್ನು ಪಾವಗಡದ ರೈತ ಓದಲಾರ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದೇ ಆವರಣದಿಂದ ‘ಬಾಲ ವಿಜ್ಞಾನ’ವನ್ನು ಮಕ್ಕಳಿಗೆ ಮುಟ್ಟಿಸಿದ್ದು ದೊಡ್ಡ ಕೆಲಸ, ದೊಡ್ಡವರಿಗೆ ಅಂಥದ್ದು ಸಾಕಷ್ಟಿಲ್ಲ. ನಮ್ಮಂಥ ಪತ್ರಿಕೆಗಳೂ ಈ ಲೆಕ್ಕದಲ್ಲಿ ಬಾಕಿದಾರರೇ. ಹಣದ ಲೆಕ್ಕಕ್ಕಿಂತ ಈ ಲೆಕ್ಕವನ್ನು ತಾವು ಕೇಳಿದ್ದರೆ ನನಗೆ ಉತ್ತರಿಸಲು ಕಷ್ಟವಾಗುತ್ತಿತ್ತು.

ವರ್ಷಕ್ಕೊಮ್ಮೆ ಸಂಸ್ಥೆ ಸಾರ್ವಜನಿಕರಿಗಾಗಿ ಬಾಗಿಲು ತೆರೆಯುತ್ತದೆ. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಸುಮಾರಿಗೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬನ್ನಿ. ಗಾಳಿ ಸುರಂಗದ ಮುಂದೆ ನಿಂತು “ಇದರಿಂದ ಏನು ಉಪಯೋಗ?” ಎಂದು ಕನ್ನಡದಲ್ಲೇ ಕೇಳಿ.

ಕೊನೆಯಲ್ಲಿ ತಾವು ಕೇಳಿರುವ ಇನ್ನೊಂದು ಮಾತು: ದನದ ಕೊಟ್ಟಿಗೆಯ ಸೂರಿನಲ್ಲಿರುವ ಕಣಜದ ಗೂಡನ್ನು ಸುಡಬೇಕೇ, ಬಿಡಬೇಕೇ? ದನಕರು, ಮಕ್ಕಳು ತಾಗುವಷ್ಟು ಕೆಳಗಿಲ್ಲದಿದ್ದರೆ ಬಿಟ್ಟುಬಿಡಿ. ಮರಿಗಳಿಗೆ ಉಣಿಸಲು ಅವು ಕಂಬಳಿಹುಳದಂಥವನ್ನು ಹಿಡಿದು ತರುತ್ತವೆ. ಕೆಣಕಿದರೆ ಮಾತ್ರ ಕಚ್ಚುತ್ತವೆ. ಒಣಹುಲ್ಲಿನ ಪಕ್ಕದಲ್ಲಿ ಪಂಜು ಹಿಡಿಯುವ ಯೋಚನೆಯನ್ನಂತೂ ದಯವಿಟ್ಟು ಬಿಡಿ.

— ಸಂಪಾದಕ