ಪಂಪಿಗೆ ಹೆದರಬೇಡಿ, ಹೊಗೆಗೆ ಹೆದರಿ

ಪತ್ರ: ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಆರು ವರ್ಷದ ಮೊಮ್ಮಗನಿಗೆ ಆಸ್ತಮಾ. ಎಲ್ಲೋ ದೂರದ ಕಾಡಿಗೆ ಬೆಂಕಿ ಬಿದ್ದರೂ ಕಿಟಕಿ ಮುಚ್ಚಿ, ಮಗುವನ್ನು ಆಟಕ್ಕೂ ಬಿಡುವುದಿಲ್ಲ. ದಿನಾ ಔಷಧಿ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಬೇರೆ. ಅಭ್ಯಾಸ ಆಗಿಬಿಡುವುದಿಲ್ಲವೇ? ಆಗಸ್ಟ್‌ನಲ್ಲಿ ನಾನೂ ಹೋಗುತ್ತಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಮ್ಮ, ನಿಮ್ಮ ಮಗಳು ಮಾಡುತ್ತಿರುವುದೇ ಸರಿ. 2018ರ ನವೆಂಬರ್‌ನಲ್ಲಿ ಅದೇ ರಾಜ್ಯದ ಪ್ಯಾರಡೈಸ್ ಎಂಬ ಊರು ಸುಟ್ಟುಹೋದಾಗ, 200 ಕಿಲೋಮೀಟರ್‌ಗೂ ಆಚೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಗೆ ತುಂಬಿ ಶಾಲೆಗಳಿಗೆ ರಜೆ ಕೊಟ್ಟರು. 2023ರ ಜೂನ್‌ನಲ್ಲಂತೂ ಕೆನಡಾದ ಕಾಡಿನ ಹೊಗೆ ನ್ಯೂಯಾರ್ಕಿಗೇ ಬಂತು, ಆಸ್ತಮಾ ಜಾಸ್ತಿಯಾಗಿ ತುರ್ತು ಚಿಕಿತ್ಸೆಗೆ ಓಡಿದವರ ಸಂಖ್ಯೆ ಏರಿತು.

ಈ ಹೊಗೆಯಲ್ಲಿ ಪಿಎಂ 2.5 ಎಂಬ ಕಣಗಳಿರುತ್ತವೆ. ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು ಸಣ್ಣವು, ಮೂಗಿನಲ್ಲಿ ನಿಲ್ಲದೆ ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಆಸ್ತಮಾ ಇರುವ ಮಗುವಿನ ಉಸಿರಿನ ಕೊಳವೆ ಮೊದಲೇ ಊದಿಕೊಂಡಿರುತ್ತದೆ, ಸಣ್ಣದೂ ಹೌದು, ಮೇಲಾಗಿ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತವೆ, ಓಡಿ ಆಡಿದರೆ ಇನ್ನೂ ಜಾಸ್ತಿ. ಸ್ಯಾನ್ ಡಿಯಾಗೋದ ಮಕ್ಕಳ ಬಗ್ಗೆ 2021ರಲ್ಲಿ ಬಂದ ಅಧ್ಯಯನವೊಂದು, ಕಾಡ್ಗಿಚ್ಚಿನ ಕಣಗಳು ಬೇರೆ ಮೂಲದ ಅಷ್ಟೇ ಕಣಗಳಿಗಿಂತ ಸುಮಾರು ಹತ್ತು ಪಟ್ಟು ಕೆಟ್ಟವು ಎಂದಿತು.

ಇನ್ನು ಪಂಪ್. ನನಗೆ ನಿಜಕ್ಕೂ ಚಿಂತೆಯಾಗಿದ್ದು ನಿಮ್ಮ ಆ ಒಂದು ಸಾಲಿನಿಂದ. ಇಲ್ಲಿಯೂ ಎಷ್ಟೋ ಮನೆಗಳಲ್ಲಿ ಇದೇ ಭಯಕ್ಕೆ ಮಗು ಸ್ವಲ್ಪ ಗೆಲುವಾದ ಕೂಡಲೇ ಪಂಪ್ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಬೇಡ. ದಿನಾ ಕೊಡುವ ಪಂಪ್ ಒಳಗಿನ ಊತವನ್ನು ತಗ್ಗಿಸಿ ಇಡುತ್ತದೆ, ಚಟ ಹಿಡಿಸುವುದಿಲ್ಲ. ಉಬ್ಬಸ ಬಂದಾಗ ಕೊಡುವ ಪಂಪೇ ಬೇರೆ, ಅದು ಪದೇ ಪದೇ ಬೇಕಾಗುತ್ತಿದ್ದರೆ ಡಾಕ್ಟರಿಗೆ ತಿಳಿಸಬೇಕು.

ಅಲ್ಲಿಗೆ ಹೋದಾಗ ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಅಂಕಿ, ನೋಡುವುದನ್ನು ಮಗಳಿಂದ ಕಲಿಯಿರಿ. 100 ದಾಟಿದರೆ ಇಂಥ ಮಕ್ಕಳು ಹೊರಗೆ ಓಡಿ ಆಡುವುದನ್ನು ಕಡಿಮೆ ಮಾಡಬೇಕು, 150 ದಾಟಿದರೆ ಒಳಗೇ ಇರುವುದು ಒಳ್ಳೆಯದು. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಆ ದಿನಗಳಲ್ಲಿ ಊದುಬತ್ತಿ, ಧೂಪ ಹಚ್ಚಬೇಡಿ, ದೇವರಿಗೆ ಹೂವು ಏರಿಸಿದರೆ ಸಾಕು. ಮೆಣಸಿನಕಾಯಿ ಒಗ್ಗರಣೆ, ಕರಿಯುವುದು ಕೂಡ ಬೇಡ, ಕಿಟಕಿ ಮುಚ್ಚಿರುತ್ತದಲ್ವಾ? ಏರ್ ಪ್ಯೂರಿಫೈಯರ್ ಇದ್ದರೆ ಮಗು ಮಲಗುವ ಕೋಣೆಯಲ್ಲಿಡಿ.

ಪಕ್ಕೆಲುಬಿನ ಮಧ್ಯೆ ಚರ್ಮ ಒಳಕ್ಕೆ ಎಳೆದುಕೊಂಡರೆ, ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕಷಾಯ ಅಂತ ಕಾಯಬೇಡಿ. ಉಬ್ಬಸದ ಪಂಪ್ ಕೊಟ್ಟು ತಕ್ಷಣ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.